ನಿಷ್ಕಾಮ ಕರ್ಮವೂ ಪೊಲೀಸರ ವಿಶ್ರಾಂತಿಯೂ

ವೇತನ, ತರಬೇತಿ, ದುಡಿಮೆಯ ಅವಧಿ, ಮೇಲಧಿಕಾರಿಯ ನಡವಳಿಕೆ ಇವು ನೌಕರನ ಕಾರ್ಯಕ್ಷಮತೆಯನ್ನು ರೂಪಿಸುತ್ತವೆ ಎಂಬುದನ್ನು ಎಲ್ಲ ಉದ್ಯೋಗಗಳ ವಿಷಯದಲ್ಲೂ ಒಪ್ಪುವ ಸಮಾಜವು, ಪೊಲೀಸರ ಮಾತು ಬಂದಾಗ ಮಾತ್ರ ಫಲಾಪೇಕ್ಷೆಯಿಲ್ಲದ ಕರ್ತವ್ಯಾಚರಣೆಯನ್ನು, ಎಂದರೆ ನಿಷ್ಕಾಮ ಕರ್ಮವನ್ನು ನಿರೀಕ್ಷಿಸುತ್ತದೆ. ಗೀತೆಯಲ್ಲಿ ಈ ಉಪದೇಶ ಮಾಡಿದವನು ಅರ್ಜುನನ ರಥದ ಕಡಿವಾಣವನ್ನು ತಾನೇ ಹಿಡಿದಿದ್ದನೆಂಬುದನ್ನು ಈ ನಿರೀಕ್ಷೆ ಮರೆಯುತ್ತದೆ. ಹೊರೆಯಲ್ಲಿ ಪಾಲುಗೊಳ್ಳದವರು ನಿಷ್ಕಾಮವನ್ನು ಬೋಧಿಸಿದರೆ ಅದು ಬರಿಯ ಆಜ್ಞೆಯಾಗುತ್ತದೆ.

ಪೊಲೀಸ್ ವೃತ್ತಿಯ ನೈತಿಕ ತೊಡಕನ್ನು ಜೈನರ ಆಚಾರಶಾಸ್ತ್ರ ಹೆಚ್ಚು ಸೂಕ್ಷ್ಮವಾಗಿ ಬಿಡಿಸುತ್ತದೆ. ಬೇಕೆಂದೇ ಎಸಗುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನಿಗೆ ನಿಷೇಧಿಸುವ ಅದು, ಆಕ್ರಮಣವನ್ನು ತಡೆಯುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಅವನ ಮಟ್ಟಿಗೆ ಸಹಿಸುತ್ತದೆ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನೂ ಗಂಗರ ಸೇನಾನಿಯಾಗಿದ್ದವನೇ. ಲಾಠಿ ಹಿಡಿದ ಕೈಯಲ್ಲಿ ಈ ಎರಡು ಹಿಂಸೆಗಳ ನಡುವಿನ ಗೆರೆಯನ್ನು ಕಾಯುವುದು ಮನಸ್ಸಿನ ಸಮಸ್ಥಿತಿಯೊಂದೇ. ನಿದ್ದೆಗೆಟ್ಟ ಮನಸ್ಸಿನಲ್ಲಿ ಆ ಗೆರೆ ಬೇಗ ಅಳಿಸಿಹೋಗುತ್ತದೆ. ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕಾಗಲಿ, 2018ರ ಬಾಹುಬಲಿ ಮಹಾಮಸ್ತಕಾಭಿಷೇಕದಂಥ ಮಹೋತ್ಸವಕ್ಕಾಗಲಿ ನಡೆಯುವ ಬಂದೋಬಸ್ತಿನಲ್ಲಿ ನೂಕುನುಗ್ಗಲಿನ ಮಧ್ಯೆ ತಾಳ್ಮೆಯೇ ಕಾರ್ಯಕ್ಷಮತೆಯಾದ್ದರಿಂದ, ಪಾಳಿಯ ಅವಧಿಯನ್ನು ಕೇವಲ ಆಡಳಿತದ ವಿಷಯವೆನ್ನಲಾಗದು, ಅದು ಅಹಿಂಸೆಯ ವಿಷಯವೂ ಹೌದು. ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡಿನಂಥ ತಾಲೂಕುಗಳಲ್ಲಿ ಜಮೀನು ತಕರಾರು, ಅಪಘಾತ, ಜಾತ್ರೆ, ಚುನಾವಣೆ ಎಲ್ಲವನ್ನೂ ನಿಭಾಯಿಸಬೇಕಾದ ಠಾಣೆಗಳಿಗೂ ಇದೇ ಮಾತು ಸಲ್ಲುತ್ತದೆ.

ಲಂಚದ ಪ್ರಶ್ನೆಗೆ ಶರಣರ ಕಾಯಕತತ್ವ ನೇರ ಉತ್ತರ ಕೊಡುತ್ತದೆ: ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಪತಿ ಮಾರಯ್ಯನಿಂದ ಹಿಂದಿರುಗಿಸಿದಳೆಂಬ ಕಥೆಯಲ್ಲಿ ಅದು ಸ್ಪಷ್ಟವಾಗಿದೆ. ಆದರೆ ಆ ದಂಪತಿಗೆ ದಿನದ ಅಗತ್ಯದಷ್ಟಾದರೂ ದೊರೆಯುತ್ತಿತ್ತು. ಕರ್ನಾಟಕದ ಪೊಲೀಸರು 2016ರ ಜೂನ್‌ನಲ್ಲಿ ಸಾಮೂಹಿಕ ರಜೆಗೆ ಮುಂದಾದಾಗ ಕೇಳಿದ್ದು ವೇತನ ಮತ್ತು ರಜೆಯನ್ನು. ಅದನ್ನು ಅಶಿಸ್ತೆಂದಷ್ಟೇ ಕಂಡವರು ಕಾಯಕದ ಅರ್ಧವನ್ನು ಮಾತ್ರ ಬಲ್ಲವರು. ಪೊಲೀಸರ ವೇತನ ಕುರಿತ ಔರಾದ್ಕರ್ ಸಮಿತಿಯ ವರದಿಯ ಬಳಿಕ ಅದನ್ನು 2019ರಲ್ಲಿ ಪರಿಷ್ಕರಿಸಲಾಯಿತು.

ವೇತನ, ರಜೆಗಳಷ್ಟೇ ಸಾಲವು, ಹುದ್ದೆಯ ಭದ್ರತೆಯೂ ಬೇಕು. ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅಧಿಕಾರಾವಧಿ ಇರಬೇಕೆಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿದೆ. ವರ್ಗಾವಣೆಯ ಭಯವಿಲ್ಲದ ಅಧಿಕಾರಿಯನ್ನೂ, ವಾರಕ್ಕೊಂದು ದಿನ ಮನೆಯಲ್ಲಿರಬಲ್ಲ ಕಾನ್‌ಸ್ಟೇಬಲ್‌ನನ್ನೂ ಸರ್ಕಾರ ಮೊದಲು ಖಾತ್ರಿಪಡಿಸಲಿ. ನಿಷ್ಕಾಮ ಕರ್ಮವನ್ನು ಅವರಿಂದ ಕೇಳುವ ಅಧಿಕಾರ ಸಮಾಜಕ್ಕೆ ಆ ನಂತರವೇ ಬರುತ್ತದೆ.