ಹಗೆಗೆ ಎಷ್ಟು ವಯಸ್ಸು?



ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ಊರನ್ನು ಮುಟ್ಟಿ, ಮುಂದೆ ಸವದತ್ತಿ ಸೀಮೆಗೆ ಹರಿದು ಬರುತ್ತಾಳೆ. ಬೆಳಗಾವಿ, ಖಾನಾಪುರದ ಕಡೆಯಿಂದ ಉಧೋ ಉಧೋ ಎನ್ನುತ್ತ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನರಿಗೆ ರೇಣುಕಾ ತಾಯಿಯ ಕಥೆ ಹೊಸದಲ್ಲ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿಯನ್ನೇ ಕೊಂದ ಮಗ ಪರಶುರಾಮ. ಜಮದಗ್ನಿ ಋಷಿ ಮೆಚ್ಚಿ ವರ ಕೇಳು ಅಂದಾಗ ಅವನು ರಾಜ್ಯ ಕೇಳಲಿಲ್ಲ. ತಾಯಿ ಬದುಕಬೇಕು ಅಂದ. ಮತ್ತೆ, ತಾನು ಸತ್ತದ್ದು ಅವಳ ನೆನಪಿನಲ್ಲಿ ಉಳಿಯಬಾರದು ಅಂದ. ಮಹಾಭಾರತದ ವನಪರ್ವದಲ್ಲಿ ಹೀಗಿದೆ. ಮೊದಲನೆಯ ವರವನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಹೇಳುವವರು ಕಡಿಮೆ. ಕೊಂದ ಮಗನ ಕೈಯಿಂದ ತಾಯಿ ಮತ್ತೆ ನೀರು ಕುಡಿಯಬೇಕಾದರೆ ಮರೆವು ಬೇಕಿತ್ತು.

ಮನುಷ್ಯರಿಗೆ ಆ ವರ ಸಿಕ್ಕಿಲ್ಲ ನೋಡ್ರಿ. ನಮಗೆ ನೆನಪು ಇರ್ತದ. ತಮ್ಮನನ್ನು ಕೊಂದವನ ಮುಖ, ಗೆಳೆಯ ಬಿದ್ದ ಜಾಗ, ಎಲ್ಲಾ ಇರ್ತದ. ನೆನಪು ಇಟ್ಟುಕೊಂಡೇ ಹಗೆ ಬಿಡುವುದು ಹೇಗೆ?

ಬೆಳಗಾವಿಯ ಕ್ಯಾಂಪಿನಲ್ಲಿ 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಬೆಳಗಾವಿ, ಖಾನಾಪುರದ ಹಳ್ಳಿಗಳಲ್ಲಿ ಪಲ್ಟಣದಿಂದ ಪೆನ್ಶನ್ ಬಂದ ಅಜ್ಜಂದಿರನ್ನು ಕಾಣದ ಊರು ಅಪರೂಪ. ಈ ರೆಜಿಮೆಂಟಿನ 4ನೇ ಬೆಟಾಲಿಯನ್ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದ ಮೇಲೆ ಜಪಾನಿ ಸೈನ್ಯಕ್ಕೆ ಎದುರಾಗಿ ನಿಂತಿತು. ಅಲ್ಲಿ ಕುಡಿಯಲು ನೀರಿಲ್ಲ. ವಿಮಾನದಿಂದ ಇಳಿಸಿದ ಸಾಮಾನು ಬಹುಪಾಲು ವೈರಿಗಳ ಕಡೆಗೇ ಬಿತ್ತು. 22ರಿಂದ 26ರವರೆಗೆ ಹೋರಾಡಿ, ಕೊನೆಗೆ ರಾತ್ರಿಯಲ್ಲಿ ಗುಡ್ಡ ಬಿಟ್ಟು ಬಂದರು. ಆದರೆ ಆ ನಾಲ್ಕೈದು ದಿನ ಜಪಾನಿಯರು ಅಲ್ಲಿ ತಡೆದು ನಿಂತದ್ದರಿಂದಲೇ ಕೊಹಿಮಾಕ್ಕೆ ಸಿದ್ಧವಾಗಲು ಸಮಯ ಸಿಕ್ಕಿತು ಎಂದು ಬಲ್ಲವರು ಹೇಳುತ್ತಾರೆ.

ಆ ಯುದ್ಧದಲ್ಲಿ ಇನ್ನೊಂದು ಸಂಕಟವಿತ್ತು. ಜಪಾನಿಯರ ಜೊತೆಗೆ ನೇತಾಜಿಯ ಆಜಾದ್ ಹಿಂದ್ ಫೌಜ್ ಕೂಡ ಬಂದಿತ್ತು. 1944ರ ಏಪ್ರಿಲ್ 14ರಂದು ಮೊಯಿರಾಂಗಿನಲ್ಲಿ ಅದು ತ್ರಿವರ್ಣ ಧ್ವಜ ಏರಿಸಿತು. ಈ ಕಡೆ ಬಂದೂಕು ಹಿಡಿದವನೂ ಭಾರತದ ಮಗ, ಆ ಕಡೆ ಹಿಡಿದವನೂ ಭಾರತದ ಮಗ. ಒಬ್ಬನದು ಉಪ್ಪಿನ ಋಣ, ಇನ್ನೊಬ್ಬನದು ನಾಡಿನ ಋಣ. ಯಾರದು ಧರ್ಮ ಅಂತ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸುಲಭವಲ್ಲ. ಸ್ವಾತಂತ್ರ್ಯ ಬಂದ ಮೇಲೂ ಫೌಜಿನವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. 1972ರಲ್ಲಿ ಅವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪೆನ್ಶನ್ ಬಂತು. ಒಬ್ಬ ಅಜ್ಜನಿಗೆ ಪಲ್ಟಣದ ಪೆನ್ಶನ್, ಇನ್ನೊಬ್ಬ ಅಜ್ಜನಿಗೆ ಹೋರಾಟದ ಪೆನ್ಶನ್. ಇಬ್ಬರಿಗೂ ದೇಶ ಒಂದೇ.

ಜಪಾನಿಯರ ಕಡೆಯವರ ಕಥೆಯನ್ನೂ ಕೇಳಬೇಕು. ಮಸಾವೊ ಹಿರಾಕುಬೊ ಎಂಬುವರು ಕೊಹಿಮಾದಲ್ಲಿ ಜಪಾನಿ ಸೈನ್ಯಕ್ಕೆ ಆಹಾರ ಒದಗಿಸುವ ಅಧಿಕಾರಿಯಾಗಿದ್ದರು. ಒದಗಿಸಲು ಆಹಾರವೇ ಇರಲಿಲ್ಲ. ಗುಂಡಿಗಿಂತ ಹಸಿವಿಗೆ, ರೋಗಕ್ಕೆ ಜನ ಸತ್ತರು. ಮುಂದೆ ಅವರು ಇಂಗ್ಲೆಂಡಿನಲ್ಲಿ ನೆಲೆಸಿ, ತಮ್ಮ ಎದುರು ಹೋರಾಡಿದ ಮುದಿ ಸೈನಿಕರನ್ನೂ ಜಪಾನಿನ ಮುದಿ ಸೈನಿಕರನ್ನೂ ಸೇರಿಸುವುದನ್ನೇ ಕಾಯಕ ಮಾಡಿಕೊಂಡರು. ಸೆರೆಯಲ್ಲಿ ನರಳಿದ ಎಷ್ಟೋ ಬ್ರಿಟಿಷ್ ಸೈನಿಕರು ಜಪಾನಿಯರ ಕೈ ಕುಲುಕಲು ಒಪ್ಪಲೇ ಇಲ್ಲ. ಅವರನ್ನು ತಪ್ಪು ಅನ್ನಲು ಯಾರಿಗೂ ಹಕ್ಕಿಲ್ಲ. ಒಪ್ಪಿದವರು ಮಾತ್ರ ಎದುರು ಬದುರು ಕೂತರು.

ಧರ್ಮರಾಯನ ಮನೆಯಲ್ಲೂ ಹೀಗೇ ಆಗಿತ್ತು. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಭೀಮನೆಂದು ತಿಳಿದು ಕಬ್ಬಿಣದ ಬೊಂಬೆಯನ್ನು ಎದೆಗವಚಿ ಪುಡಿ ಮಾಡಿದ. ಆಮೇಲೆ ಹದಿನೈದು ವರ್ಷ ಒಂದೇ ಅರಮನೆ, ಒಂದೇ ಅಡಿಗೆ. ಧರ್ಮರಾಯ ದೊಡ್ಡಪ್ಪನನ್ನು ಪ್ರೀತಿಯಿಂದ ನೋಡಿಕೊಂಡ. ಭೀಮ ಮಾತ್ರ ಮುದುಕನ ಕಿವಿಗೆ ಬೀಳುವ ಹಾಗೆ ತೋಳು ತಟ್ಟಿ, ಕುರುಡನ ಮಕ್ಕಳನ್ನು ಕೊಂದದ್ದು ಇದೇ ತೋಳು ಅನ್ನುತ್ತಿದ್ದ. ಒಂದೇ ಸೂರಿನ ಕೆಳಗೆ ಇದ್ದ ಮಾತ್ರಕ್ಕೆ ಹಗೆ ಆರುವುದಿಲ್ಲ. ಕಡೆಗೆ ಮುದುಕ ಗಾಂಧಾರಿ, ಕುಂತಿಯರೊಂದಿಗೆ ಕಾಡು ಸೇರಿದ.

ಕಾಡಿನಲ್ಲಿ ಗಾಂಧಾರಿ ವ್ಯಾಸರಿಗೆ ಹೇಳಿದಳು: ಹದಿನಾರು ವರ್ಷವಾಯಿತು, ಈ ರಾಜನಿಗೆ ಇನ್ನೂ ಶಾಂತಿ ಇಲ್ಲ. ಆಗ ವ್ಯಾಸರು ಎಲ್ಲರನ್ನೂ ಗಂಗೆಯ ದಡಕ್ಕೆ ಕರೆದರು. ನೋಡಲು ಬಂದಿದ್ದ ಪಾಂಡವರೂ ಕೂಡಿದರು. ರಾತ್ರಿಯಾದ ಮೇಲೆ ಸತ್ತ ವೀರರೆಲ್ಲ ನೀರಿನಿಂದ ಎದ್ದು ಬಂದರು. ಭೀಷ್ಮ, ದ್ರೋಣ, ಅಭಿಮನ್ಯು, ದುರ್ಯೋಧನ, ಕರ್ಣ. ಕುರುಡ ರಾಜನಿಗೆ ವ್ಯಾಸರು ಕಣ್ಣು ಕೊಟ್ಟರು, ಅವನು ಮಕ್ಕಳ ಮುಖ ನೋಡಿದ. ಪಾಂಡವರು ಕರ್ಣನನ್ನು ಅಪ್ಪಿಕೊಂಡರು. ಆ ರಾತ್ರಿ ಎರಡೂ ಪಕ್ಷದವರು ಕೋಪವಿಲ್ಲದೆ ಬೆರೆತರು ಎಂದು ಆಶ್ರಮವಾಸಿಕ ಪರ್ವ ಹೇಳುತ್ತದೆ. ಇಲ್ಲಿ ಯಾರೂ ಮರೆತಿರಲಿಲ್ಲ, ಪರಶುರಾಮನ ತಾಯಿಗೆ ಸಿಕ್ಕ ಮರೆವು ಇವರಿಗೆ ಸಿಕ್ಕಿರಲಿಲ್ಲ.

ಬೆಳಗಾಗುವಾಗ ಸತ್ತವರು ಮತ್ತೆ ನೀರಿಗಿಳಿದರು. ದಡದಲ್ಲಿ ಉಳಿದವರು ಮುದುಕರು, ಮತ್ತೆ ಅವರ ಮಕ್ಕಳನ್ನು ಕೊಂದ ಪಾಂಡವರು. ಧರ್ಮರಾಯ, ನಾನು ಇಲ್ಲೇ ಇದ್ದು ನಿಮ್ಮ ಸೇವೆ ಮಾಡ್ತೇನೆ ಅಂದ. ಹಿಂದೊಮ್ಮೆ ಕಬ್ಬಿಣದ ಬೊಂಬೆ ಮುರಿದಿದ್ದ ಅದೇ ತೋಳುಗಳಿಂದ ಧೃತರಾಷ್ಟ್ರ ಅವನನ್ನು ಅಪ್ಪಿಕೊಂಡು, ಹೋಗು ಮಗಾ, ಪ್ರಜೆಗಳು ಕಾಯ್ತಿದ್ದಾರೆ, ಎಂದು ಹಸ್ತಿನಾವತಿಗೆ ಕಳಿಸಿದ.