ಬೆಚಲೇಲನ ಕೈಯೂ ತೊಗಲುಗೊಂಬೆಯೂ

ಗೊಂಬೆಯಾಟವು ವಿಗ್ರಹಾರಾಧನೆಗೆ ಸೇರಿದ್ದಲ್ಲವೇ ಎಂಬ ಸಂಶಯವು ಅಂದೋಲಾ ಮೊದಲಾದ ಜೇವರ್ಗಿ ಸೀಮೆಯ ಸಭೆಗಳಲ್ಲಿ ಹುಟ್ಟಬಹುದು. ಅಂಥವರು ವಿಮೋಚನಕಾಂಡದ 35ನೆಯ ಅಧ್ಯಾಯವನ್ನು ತೆರೆದು ನೋಡಲಿ. ಬೆಚಲೇಲನಿಗೆ ಕೆತ್ತುವ, ನೇಯುವ ಜಾಣ್ಮೆಯನ್ನು ಅನುಗ್ರಹಿಸಿದಾತನು ದೇವರೇ. ಆ ಗುಡಾರದ ಹೊದಿಕೆಗಳಲ್ಲೊಂದು ಯಾವುದು? ಕೆಂಪು ಬಣ್ಣವಿಟ್ಟ ಟಗರಿನ ತೊಗಲು! ತೊಗಲು ಮುಟ್ಟಿದ ಕೈಯನ್ನು ಹೊಲಸೆನ್ನುವವರು ಇದನ್ನು ಎರಡು ಸಾರಿ ಓದತಕ್ಕದ್ದು.

ನಮ್ಮ ನಾಡಿನ ಶಿಳ್ಳೇಕ್ಯಾತರು ಆಡಿನ ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಹದಮಾಡಿ, ಉಳಿಯಿಂದ ರಂಧ್ರ ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ತುಂಬುವರು. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ, ಭಾರತಗಳ ಕಥೆಯನ್ನು ಆಡಿಸುವರು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಊರ ಗೌಡನನ್ನೂ ನಗಿಸುವವು. ಕುಣಿಸುವವನಾದರೋ ಪರದೆಯ ಹಿಂದೆಯೇ ಉಳಿಯುವನು.

ಮಳೆಗಾಗಿ ಆಟವಾಡಿಸುವ ಹರಕೆಯನ್ನು ನಾವು ಒಪ್ಪೆವು. ಆದರೆ ದೇವರು ಕೊಟ್ಟ ಕೈಗೆಲಸವನ್ನು ಹಳಿಯಲಾರೆವು.

ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ವೃದ್ಧ ತಾಯಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಆದರೂ ಊರೂರು ತಿರುಗುವ ಈ ಜನರನ್ನು ಭಿಕ್ಷುಕರೆಂದು ಕರೆಯುವ ಬಾಯಿಗಳು ಮುಚ್ಚಲಿಲ್ಲ. ರಾತ್ರಿಯೆಲ್ಲಾ ಹಾಡಿ, ಹತ್ತು ಪಾತ್ರಗಳ ಮಾತನ್ನು ಒಬ್ಬನೇ ಆಡಿ ಬೆವರಿದವನಿಗೆ ಕೊಡುವ ಸೇರು ಜೋಳವು ಭಿಕ್ಷೆಯೋ, ಕೂಲಿಯೋ? ಮೇಳದವರು ನಿಮ್ಮ ಊರಿಗೆ ಬಂದರೆ ಕಟ್ಟೆಯ ಮೇಲೆ ಕುಳ್ಳಿರಿಸಿ ನೀರು ಕೊಡಿರಿ. ಜೋಳ ಅಳೆಯುವಾಗ ಅವರ ಹೆಸರು ಕೇಳಿರಿ.