ಇಂದಿನ ಧಮ್ಮ ಚಿಂತನೆ: ಕೊಡದೆ ಪಡೆದ ನೆಲ





ಪಂಚಶೀಲದ ಎರಡನೆಯ ಶೀಲವನ್ನು "ಕಳ್ಳತನ ಮಾಡಬಾರದು" ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಪಾಳಿಯ 'ಅದಿನ್ನಾದಾನ' ಎಂಬ ಪದದ ಅರ್ಥ ಅದಕ್ಕಿಂತ ದೊಡ್ಡದು: ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ರಾತ್ರಿ ಕನ್ನ ಹಾಕುವವನಂತೆ, ಹಗಲಲ್ಲೇ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಸಿಯುವವನೂ ಈ ಶೀಲವನ್ನು ಮುರಿಯುತ್ತಾನೆ.

ಅಮೆರಿಕದ ಅಲಬಾಮಾದಲ್ಲಿ ವಿಲ್ಸ್‌ಟೌನ್ ಎಂಬ ಊರಿತ್ತು. ಅದು ಚೆರೋಕಿ ಮೂಲನಿವಾಸಿಗಳ ಊರು. ಇಂಗ್ಲಿಷ್ ಓದಲು ಬಾರದ, ಬೆಳ್ಳಿ ಕೆಲಸ ಮಾಡುತ್ತಿದ್ದ ಸೆಕ್ವೋಯಾ ಅಲ್ಲಿ ನೆಲೆಸಿ, 1821ರ ಹೊತ್ತಿಗೆ ತಮ್ಮ ಜನರ ನುಡಿಗೆ ಲಿಪಿ ರೂಪಿಸಿದರು. 1828ರಲ್ಲಿ ಚೆರೋಕಿಗಳ ಸ್ವಂತ ಪತ್ರಿಕೆಯೂ ಬಂತು. ಆದರೆ ಬಿಳಿಯರಿಗೆ ಅವರ ನೆಲ ಬೇಕಿತ್ತು. 1835ರಲ್ಲಿ, ಅಧಿಕಾರವೇ ಇಲ್ಲದ ಕೆಲವರಿಂದ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ನಾಯಕ ಜಾನ್ ರಾಸ್ ಸಾವಿರಾರು ಜನರ ಸಹಿಯ ವಿರೋಧಪತ್ರ ಒಯ್ದರೂ ಸರ್ಕಾರ ಕೇಳಲಿಲ್ಲ.

1838ರಲ್ಲಿ ಸೈನ್ಯ ಬಂತು. ಅಕ್ಷರ ಹುಟ್ಟಿದ ಅದೇ ಊರಿನಲ್ಲಿ ಮರದ ದಿಮ್ಮಿಗಳನ್ನು ನೆಟ್ಟು 'ಫೋರ್ಟ್ ಪೇನ್' ಎಂಬ ಕೋಟೆ ಕಟ್ಟಿದರು. ಮನೆಗಳಿಂದ ಎಬ್ಬಿಸಿ ತಂದವರನ್ನು ಕೂಡಿಹಾಕುವುದೇ ಅದರ ಕೆಲಸ. ಕೆಲವೇ ತಿಂಗಳಲ್ಲಿ ಆ ಕೆಲಸ ಮುಗಿಯಿತು. ಅಲ್ಲಿಂದ ಸುಮಾರು 1,100 ಮಂದಿ ಪಶ್ಚಿಮಕ್ಕೆ ಹೊರಟರು. ಒಟ್ಟು ಸುಮಾರು 16,000 ಚೆರೋಕಿಗಳಲ್ಲಿ 4,000ದಷ್ಟು ಜನ ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತರೆಂದು ಅಂದಾಜು. ಕೋಟೆ ಉಳಿಯಲಿಲ್ಲ. ಊರಿಗೆ ಮಾತ್ರ ಇಂದಿಗೂ ಅದರದೇ ಹೆಸರು.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಚೆರೋಕಿಗಳಲ್ಲಿ ಸ್ಥಿತಿವಂತರಾದ ಕೆಲವರು ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಆ ಗುಲಾಮರೂ ಅದೇ ದಾರಿ ನಡೆದರು. ಹೊಸ ನೆಲ ತಲುಪಿದ ಮೇಲೂ ಗುಲಾಮರಾಗಿಯೇ ಉಳಿದರು. ತುಳಿತಕ್ಕೆ ಸಿಕ್ಕವರೂ ತಮ್ಮ ಕಾಲಡಿಯಲ್ಲಿ ಇನ್ನೊಬ್ಬರನ್ನು ಇಟ್ಟುಕೊಳ್ಳಬಲ್ಲರು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಎಚ್ಚರಿಸಿದ್ದು ಇಂಥ ಮೆಟ್ಟಿಲುಗಳ ಬಗ್ಗೆಯೇ. ನೋವು ತಿಂದ ಮಾತ್ರಕ್ಕೆ ಶೀಲ ಬರುವುದಿಲ್ಲ, ಅದನ್ನು ಪಾಲಿಸಬೇಕು. ಅದಕ್ಕೇ 1956ರಲ್ಲಿ ನಾಗಪುರದಲ್ಲಿ ಅವರು ಬೋಧಿಸಿದ ಪ್ರತಿಜ್ಞೆಗಳಲ್ಲಿ ಕದಿಯುವುದಿಲ್ಲ ಎಂಬ ಮಾತೂ ಇದೆ.

ನಮ್ಮಿಂದ ಕಸಿದವರನ್ನು ಪ್ರಶ್ನಿಸೋಣ, ಅದು ನಮ್ಮ ಹಕ್ಕು. ಜೊತೆಗೆ ನಮ್ಮ ಕೈಯನ್ನೂ ನೋಡಿಕೊಳ್ಳೋಣ. ಅಕ್ಕತಂಗಿಯರಿಂದ "ಸುಮ್ಮನೆ ಸಹಿ ಹಾಕಮ್ಮ" ಎಂದು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿದ್ದೇವೆಯೇ? ಕೂಲಿಯವರ ದುಡ್ಡು ಹಿಡಿದಿಟ್ಟಿದ್ದೇವೆಯೇ? ಸಹಿ ಇದ್ದ ಮಾತ್ರಕ್ಕೆ ಅದು ಕೊಟ್ಟದ್ದಾಗುವುದಿಲ್ಲ. ಮನಸ್ಸೊಪ್ಪಿ ಕೊಟ್ಟರೆ ಮಾತ್ರ ಕೊಟ್ಟದ್ದು.

ಇಂದು ಶೀಲ ಪಠಿಸುವಾಗ ಎರಡನೆಯದರ ಬಳಿ ಒಂದು ಗಳಿಗೆ ನಿಲ್ಲೋಣ. ಹಿಂದಿರುಗಿಸಬೇಕಾದುದು ನೆನಪಾದರೆ ಇಂದೇ ಹಿಂದಿರುಗಿಸೋಣ.

ಭವತು ಸಬ್ಬ ಮಂಗಲಂ. ಜೈಭೀಮ್.